ಮೂವತ್ತೆರಡು ಎಂಬ ಒಂದೇ ಅಂಕಿ

ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹಿರಿಯರು ಮಂಗಳೂರಿನ ಬಲ್ಮಠದ ನಮ್ಮ ಮನೆಯ ಚಾವಡಿಗೆ ಬಂದರು. ಕೈಯಲ್ಲಿ ತುಕ್ಕು ಹಿಡಿದ ಹಳೆಯ ಬಿಸ್ಕತ್ತಿನ ಡಬ್ಬಿ ಇತ್ತು. ಸುಳ್ಯದ ಕಡೆ ಅವರ ಅಡಿಕೆ ತೋಟ. ಎಂಬತ್ತು ದಾಟಿದ ಮೇಲೆ ಮಗಳು ಒತ್ತಾಯ ಮಾಡಿ ಇಲ್ಲಿಗೆ ಕರೆತಂದಿದ್ದಾಳೆ. ತೋಟದ ನಡುವಿನ ಒಂಟಿ ಮನೆಯಲ್ಲಿದ್ದ ಕಾಲದಲ್ಲಿ ಆತ್ಮರಕ್ಷಣೆಗೆಂದು ಪರವಾನಗಿ ಮಾಡಿಸಿ ಕೊಂಡ ಕಾನ್ಪುರದ ರಿವಾಲ್ವರ್ ಒಂದು ಅವರಲ್ಲಿದೆ. ವರ್ಷಕ್ಕೊಮ್ಮೆ ಎಣ್ಣೆ ಹಚ್ಚಿ ಒರೆಸುವುದು, ಚುನಾವಣೆ ಬಂದಾಗ ಠಾಣೆಯಲ್ಲಿ ಠೇವಣಿ ಇಟ್ಟು ಮತ್ತೆ ತರುವುದು, ಇಷ್ಟೇ ಅದರ ಕೆಲಸ.

ಡಬ್ಬಿಯೊಳಗೆ ಇದ್ದದ್ದು ಅವರ ತೋಟೆಗಳಲ್ಲ, ತೀರಿಹೋದ ಅಳಿಯನವು. ಅಳಿಯನಲ್ಲಿ ಸಣ್ಣ ಪಿಸ್ತೂಲೊಂದಿತ್ತು. ಆತ ಹೋದ ಮೇಲೆ ಪಿಸ್ತೂಲನ್ನು ಠಾಣೆಗೆ ಒಪ್ಪಿಸಿದ್ದಾರೆ. ಕಪಾಟಿನ ಮೂಲೆಯಲ್ಲಿದ್ದ ತೋಟೆಗಳ ನೆನಪು ಯಾರಿಗೂ ಆಗಲಿಲ್ಲ.

"ನನ್ನದೂ ಮೂವತ್ತೆರಡು, ಇದೂ ಮೂವತ್ತೆರಡು ಮಾಷ್ಟ್ರೇ. ಸಿಲಿಂಡರಿಗೆ ಹಾಕಿ ನೋಡಿದೆ, ಸರಿಯಾಗಿ ಕೂತ್ಕೊಳ್ತದೆ. ನನ್ನದಕ್ಕಿಂತ ಗಿಡ್ಡ ಬೇರೆ. ಸುಮ್ಮನೆ ಹಾಳಾಗ್ತದೆ ಅಂತ. ಉಪಯೋಗಿಸಿದ್ರೆ ಎಂಥ ತೊಂದರೆ ಉಂಟು?"

ಹಾಕಿ ನೋಡಿದೆ ಎಂಬ ಮಾತು ಕೇಳಿ ನನ್ನ ಎದೆ ಝಲ್ಲೆಂದಿತು. ಅವರನ್ನು ಕೂರಿಸಿದೆ. ಡಬ್ಬಿಯನ್ನು ಮೇಜಿನ ಮೇಲಿಟ್ಟು, ಭೂತಗನ್ನಡಿ ತಂದು, ಒಂದು ತೋಟೆಯ ತಳವನ್ನು ಅವರಿಂದಲೇ ಓದಿಸಿದೆ. ಪಾಯಿಂಟ್ 32ರ ಮುಂದೆ ಎ, ಸಿ, ಪಿ ಎಂಬ ಮೂರು ಇಂಗ್ಲಿಷ್ ಅಕ್ಷರಗಳಿದ್ದವು. ಅವರ ರಿವಾಲ್ವರಿಗೆ ಬೇಕಾದದ್ದು ಪಾಯಿಂಟ್ 32 ಎಸ್ ಆ್ಯಂಡ್ ಡಬ್ಲ್ಯು ಲಾಂಗ್. ಅಂಕಿ ಒಂದೇ ಆದರೂ ತೋಟೆಗಳು ಎರಡು ಬೇರೆ ಬೇರೆ. ನಮ್ಮಲ್ಲಿ ಪರವಾನಗಿ ಪುಸ್ತಕದಲ್ಲಿ, ಅಂಗಡಿಯ ಮಾತಿನಲ್ಲಿ, ಪತ್ರಿಕೆಯ ವರದಿಯಲ್ಲಿ ಎಲ್ಲವೂ "ಪಾಯಿಂಟ್ 32" ಎಂದೇ ಮುಗಿದುಹೋಗುತ್ತದೆ. ಹಿಂದಿನ ಆ ಬಾಲ ಯಾರ ಕಣ್ಣಿಗೂ ಬೀಳುವುದಿಲ್ಲ. ಅಪಾಯ ಇರುವುದು ಆ ಬಾಲದಲ್ಲಿಯೇ.

ಅಂಕಿ ಹೇಳುವುದು ಗುಂಡಿನ ದಪ್ಪವನ್ನು ಮಾತ್ರ, ಅದನ್ನೂ ಅಂದಾಜಿಗೆ. ಅದರ ಹಿಂದೆ ಎಷ್ಟು ಮದ್ದು ಉರಿಯುತ್ತದೆ, ಆ ಉರಿಯಿಂದ ಎಷ್ಟು ಒತ್ತಡ ಹುಟ್ಟುತ್ತದೆ ಎಂಬುದನ್ನು ಅಂಕಿ ಹೇಳುವುದಿಲ್ಲ. ಲಾಂಗ್ ತೋಟೆ ಬಂದದ್ದು 1896ರಲ್ಲಿ. ಆಗಿನ್ನೂ ಕರಿಮದ್ದಿನ ಕಾಲ. ಹೊಗೆ ಕಾರುತ್ತ ಉರಿಯುವ ಆ ಮದ್ದಿಗೆ ತಕ್ಕಂತೆ ಅದರ ಅಳತೆ ನಿಂತಿತು. ಎಸಿಪಿ ಎಂಬುದು ಜಾನ್ ಬ್ರೌನಿಂಗ್ 1899ರಲ್ಲಿ ತನ್ನ ಪಿಸ್ತೂಲಿಗೆಂದು ರೂಪಿಸಿದ ತೋಟೆ, ಮೊದಲ ದಿನದಿಂದಲೂ ಹೊಗೆರಹಿತ ಮದ್ದಿನದು. ಅಮೆರಿಕದ ತಯಾರಕರ ಮಾನಕ ಸಂಸ್ಥೆ ಸಾಮಿ ನಿಗದಿ ಮಾಡಿದ ಗರಿಷ್ಠ ಒತ್ತಡ ಲಾಂಗ್‌ಗೆ ಚದರ ಇಂಚಿಗೆ 15,000 ಪೌಂಡು, ಎಸಿಪಿಗೆ 20,500. ಲಾಂಗ್ ತೋಟೆಯ ಹಿತ್ತಾಳೆ ಕೇಸು 23 ಮಿಲಿಮೀಟರಿಗಿಂತ ತುಸು ಹೆಚ್ಚು ಉದ್ದ, ಎಸಿಪಿಯದು 17 ಚಿಲ್ಲರೆ. ಎರಡರ ಮೈ ದಪ್ಪ ಹೆಚ್ಚುಕಡಿಮೆ ಒಂದೇ, ಸುಮಾರು ಎಂಟೂವರೆ ಮಿಲಿಮೀಟರು. ಹಾಗಾಗಿಯೇ ಗಿಡ್ಡ ತೋಟೆ ಅನೇಕ ರಿವಾಲ್ವರುಗಳ ಸಿಲಿಂಡರಿನ ಗೂಡಿನೊಳಗೆ ಜಾರಿ ಕೂರುತ್ತದೆ. ತಳದ ಅಂಚು ಸ್ವಲ್ಪ ಕಿರಿದಾದರೂ ಒಳಗೆ ಬಿದ್ದುಹೋಗದಷ್ಟು ಹಿಡಿತ ಸಿಗುತ್ತದೆ. ಗಿಡ್ಡದ್ದು ಸೌಮ್ಯ ಎಂದು ಕಣ್ಣು ಹೇಳುತ್ತದೆ, ಆದರೆ ಅದರ ಒತ್ತಡ ಲಾಂಗ್‌ನದಕ್ಕಿಂತ ಮೂರನೇ ಒಂದು ಪಾಲಿಗೂ ಮಿಕ್ಕಿ ಹೆಚ್ಚು. ನಮ್ಮ ಹಿರಿಯರಂಥ ಜಾಗರೂಕ ಮನುಷ್ಯರೂ ಎಡವುವುದು ಇಲ್ಲೇ.

15,000 ಪೌಂಡು ಎಂದರೆ ಎಷ್ಟು? ಕಾರಿನ ಚಕ್ರಕ್ಕೆ ಪೆಟ್ರೋಲ್ ಬಂಕಿನಲ್ಲಿ ನಾವು ತುಂಬಿಸುವ ಗಾಳಿ ಮೂವತ್ತರ ಆಸುಪಾಸು. ಅಡುಗೆಮನೆಯ ಕುಕ್ಕರು ಸೀಟಿ ಹೊಡೆಯುವುದು ಹದಿನೈದರ ಹತ್ತಿರ. ಆ ಕುಕ್ಕರಿನ ಸಾವಿರ ಪಟ್ಟು ಒತ್ತಡವನ್ನು ಕಿರುಬೆರಳಿನಷ್ಟು ಗೂಡಿನೊಳಗೆ, ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ ಹುಟ್ಟಿಸಿ, ಕೈಯಲ್ಲಿ ಹಿಡಿದ ಕಬ್ಬಿಣದಿಂದ ಅದನ್ನು ತಡೆಯುತ್ತೇವೆ. ಮೂವತ್ತು ವರ್ಷ ಪಾಲಿಟೆಕ್ನಿಕ್ ಹುಡುಗರಿಗೆ ಲೋಹಗಳ ಬಲ, ಕೊಳವೆಯ ಗೋಡೆಯ ಮೇಲಿನ ಸೆಳೆತ ಎಂದೆಲ್ಲ ಪಾಠ ಮಾಡಿದವನು ನಾನು. ಆದರೂ ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದಾಗಲೆಲ್ಲ ಒಂದು ಕ್ಷಣ ಕೈ ನಿಲ್ಲುತ್ತಿತ್ತು.

ನಮ್ಮ ಭಾಷೆ ಈ ವಿಷಯವನ್ನು ಬಲು ಹಿಂದೆಯೇ ಹಿಡಿದಿಟ್ಟಿದೆ. ಕೋವಿ ಎಂಬ ಮಾತಿಗೆ ಕೊಳವೆ ಎಂಬ ಅರ್ಥವೂ ಇದೆ. ಮದ್ದು ಎಂದರೆ ಔಷಧಿಯೂ ಹೌದು, ಸಿಡಿಯುವ ಪುಡಿಯೂ ಹೌದು. 1894ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಹೊರಬಂದ ಕಿಟೆಲರ ನಿಘಂಟಿನ ಪುಟ ತಿರುವುವಾಗ ಇಂಥ ಜೋಡಿ ಅರ್ಥಗಳ ಮುಂದೆ ನಾನು ತುಂಬ ಹೊತ್ತು ನಿಂತಿದ್ದೇನೆ. ಎರಡಕ್ಕೂ ಪ್ರಮಾಣವೇ ಪ್ರಾಣ. ಯಾವ ದೇಹಕ್ಕೆ ಎಷ್ಟು ಎಂದು ತಿಳಿಯದೆ ಮದ್ದು ಕೊಡಬಾರದು. ಜಾತ್ರೆಯಲ್ಲಿ ಕದಿನಕ್ಕೆ ಮದ್ದು ಜಡಿಯುವವರನ್ನು ನೋಡಿ, ಅಳತೆಯ ಪಾತ್ರೆ ಬಿಟ್ಟು ಅವರ ಕೈ ಅತ್ತಿತ್ತ ಹೋಗುವುದಿಲ್ಲ. ತುಳುವಿನಲ್ಲಿ ಕೋವಿಗೂ ಬೆಡಿ, ಜಾತ್ರೆಯ ಸಿಡಿಮದ್ದಿಗೂ ಬೆಡಿ. ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಬೆಡಿ ನೋಡಲು ಚಿಕ್ಕಂದಿನಲ್ಲಿ ಅಜ್ಜನ ಹೆಗಲೇರಿ ಹೋದವನು ನಾನು. ದೂರ ನಿಲ್ಲಬೇಕು ಎಂಬುದನ್ನು ಅಜ್ಜ ಕಲಿಸಿದ್ದು ಅಲ್ಲಿಯೇ.

ಈಗ ಆ ಕಾನ್ಪುರದ ರಿವಾಲ್ವರಿಗೆ ಬರುತ್ತೇನೆ. ಅದರ ವಂಶ ಬ್ರಿಟಿಷರ ವೆಬ್ಲಿಯದು. ಆರು ಗೂಡು, ಮೂರು ಇಂಚಿನ ನಳಿಗೆ, ಸುಮಾರು 700 ಗ್ರಾಂ ತೂಕ. ಮೇಲಿನ ಕೊಂಡಿ ಒತ್ತಿದರೆ ನಳಿಗೆಯೂ ಸಿಲಿಂಡರೂ ಒಟ್ಟಿಗೆ ಮುಂದಕ್ಕೆ ಮಡಚಿಕೊಳ್ಳುತ್ತವೆ, ಖಾಲಿ ಕೇಸುಗಳು ಹೊರಗೆ ಬರುತ್ತವೆ. 2014ರಲ್ಲಿ ಮಹಿಳೆಯರಿಗೆಂದು ಬಂದ ಹಗುರ ಲೋಹದ ನಿರ್ಭೀಕ್ ಕೂಡ ಇದೇ ಮಡಚುವ ಜಾತಿ, ತೂಕ ಸುಮಾರು ಅರ್ಧ ಕಿಲೋ. ಸಿಲಿಂಡರ್ ಪಕ್ಕಕ್ಕೆ ತೆರೆದುಕೊಳ್ಳುವ ಪ್ರಬಲ್ ಬಂದದ್ದು 2023ರಲ್ಲಿ. ಮಡಚುವ ರಿವಾಲ್ವರಿನ ಗಟ್ಟಿತನವೆಲ್ಲ ಎರಡು ಜಾಗದಲ್ಲಿದೆ: ಕೆಳಗಿನ ಕೀಲು, ಮೇಲಿನ ಕೊಂಡಿ. ಈಡು ಹಾರಿದಾಗ ತೋಟೆಯ ತಳ ಹಿಂದಕ್ಕೆ ಒದೆಯುತ್ತದೆ. ಹಿಂಬದಿಯ ಚೌಕಟ್ಟನ್ನು ಮುಂಭಾಗದಿಂದ ಕಿತ್ತು ಬೇರೆ ಮಾಡುವ ಶಕ್ತಿ ಅದು. ಕೇಸಿನ ಒಳ ಅಡ್ಡಳತೆಯನ್ನು 0.3 ಇಂಚು ಎಂದು ಹಿಡಿದರೆ ಲಾಂಗ್ ತೋಟೆಯ ಗರಿಷ್ಠ ಒತ್ತಡದಲ್ಲಿ ಆ ಒದೆತ ಸುಮಾರು 480 ಕಿಲೋ ತೂಕಕ್ಕೆ ಸಮ. ಎಸಿಪಿಯಲ್ಲಿ ಅದೇ ಲೆಕ್ಕ 650 ಕಿಲೋ ದಾಟುತ್ತದೆ. ಗೂಡಿನ ಗೋಡೆಗೆ ಕೇಸು ಅಂಟಿಕೊಂಡು ಒಂದಿಷ್ಟು ಹೊರೆಯನ್ನು ತಡೆಯುತ್ತದೆ ಎಂಬುದು ನಿಜ. ಆದರೂ ಬಾಗಿಲಿನ ತಿರುಗಣಿಯಷ್ಟು ಸಣ್ಣ ಕೀಲಿಗೆ ಇದು ದೊಡ್ಡ ಹೊರೆ.

ಗೂಡಿನ ಗೋಡೆಯ ಕತೆ ಇನ್ನೊಂದು. ಒಳಗಿನ ಒತ್ತಡ ಹೆಚ್ಚಾದಾಗ ಕೊಳವೆ ಸಾಮಾನ್ಯವಾಗಿ ಉದ್ದಕ್ಕೆ ಸೀಳುತ್ತದೆ, ಅಡ್ಡಕ್ಕೆ ತುಂಡಾಗುವುದು ಅಪರೂಪ. ಸುತ್ತಳತೆಯ ಕಡೆಗಿನ ಸೆಳೆತ ಉದ್ದದ ಕಡೆಗಿನ ಸೆಳೆತಕ್ಕಿಂತ ಎರಡು ಪಟ್ಟಿನಷ್ಟಿರುವುದೇ ಅದಕ್ಕೆ ಕಾರಣ. ಬೇಯಿಸಿದ ಗೆಣಸಿನ ಸಿಪ್ಪೆ ಬಿರಿಯುವುದನ್ನು ನೆನಪಿಸಿಕೊಳ್ಳಿ. ಆರು ಗೂಡಿನ ಸಿಲಿಂಡರಿನ ಹೊರಮೈಯಲ್ಲಿ, ಸಿಲಿಂಡರನ್ನು ಸರಿಯಾದ ಜಾಗದಲ್ಲಿ ತಡೆದು ನಿಲ್ಲಿಸಲು ಸಣ್ಣ ಕಚ್ಚುಗಳನ್ನು ಕೊರೆದಿರುತ್ತಾರೆ. ಎಷ್ಟೋ ಮಾದರಿಗಳಲ್ಲಿ ಆ ಕಚ್ಚು ಬೀಳುವುದು ಗೂಡಿನ ನೆತ್ತಿಯ ಮೇಲೆಯೇ, ಗೋಡೆ ಎಲ್ಲಕ್ಕಿಂತ ತೆಳುವಾಗಿರುವ ಕಡೆ. ಅಲ್ಲಿಂದ ಸೀಳು ಹೊರಟರೆ ಸಿಲಿಂಡರಿನ ಮೇಲರ್ಧವೇ ಹಾರಿಹೋಗುತ್ತದೆ, ಪಕ್ಕದ ಎರಡು ಗೂಡುಗಳನ್ನೂ ಕಿತ್ತುಕೊಂಡು. ಹಿಡಿದವನ ಹಣೆ, ಕಣ್ಣು, ಬೆರಳು, ಬದಿಯಲ್ಲಿ ನಿಂತವರ ಮುಖ, ಯಾವುದಕ್ಕೂ ಅಲ್ಲಿ ರಕ್ಷಣೆಯಿಲ್ಲ.

ಹಿರಿಯರು ಒಂದು ಒಳ್ಳೆಯ ಪ್ರಶ್ನೆ ಕೇಳಿದರು. "ಪರೀಕ್ಷೆ ಮಾಡಿಯೇ ಕೊಡುವುದಲ್ಲವಾ? ಹೆಚ್ಚಿನ ಮದ್ದು ಹಾಕಿ?" ಹೌದು, ಪರೀಕ್ಷೆ ಇದೆ. ಬರ್ಮಿಂಗ್‌ಹ್ಯಾಮಿನಲ್ಲಿ 1813ರಿಂದಲೇ ಅದಕ್ಕೆಂದು ಒಂದು ಸಂಸ್ಥೆ ಇದೆ. ನಮ್ಮ ಜಿಲ್ಲೆಯ ಹಳೆಯ ಮನೆತನಗಳ ವಿಲಾಯತಿ ಕೋವಿಗಳ ನಳಿಗೆಯ ಅಡಿಯಲ್ಲಿ ಕಿರೀಟದ ಸಣ್ಣ ಮುದ್ರೆ ಕಾಣುವುದು ಅಂಥ ಪರೀಕ್ಷೆಯದು. ಯುರೋಪಿನ ಪದ್ಧತಿಯಲ್ಲಿ ರಿವಾಲ್ವರಿನ ಪರೀಕ್ಷಾ ತೋಟೆ ನಿಗದಿತ ಗರಿಷ್ಠಕ್ಕಿಂತ ಸುಮಾರು ಶೇ. 30ರಷ್ಟು ಹೆಚ್ಚಿನ ಒತ್ತಡ ಕೊಡುತ್ತದೆ. ಕೋವಿಯನ್ನು ಭದ್ರವಾಗಿ ಕಟ್ಟಿ, ಮನುಷ್ಯರು ಗೋಡೆಯ ಆಚೆ ನಿಂತು ಒಂದೆರಡು ಈಡು ಹಾರಿಸಿ, ಆಮೇಲೆ ಕೂದಲೆಳೆಯ ಬಿರುಕಿಗಾಗಿ ಹುಡುಕುತ್ತಾರೆ. ಲಾಂಗ್ ರಿವಾಲ್ವರಿನಲ್ಲಿ ಹಾಕಿದ ಎಸಿಪಿಯ ಒತ್ತಡ ಶೇ. 36ಕ್ಕಿಂತ ಹೆಚ್ಚಾಗಬಹುದು. ಅಂದರೆ ಕಾರ್ಖಾನೆಯವರು ಜೀವಮಾನಕ್ಕೊಮ್ಮೆ ಗೋಡೆಯ ಮರೆಯಲ್ಲಿ ಮಾಡುವ ಪರೀಕ್ಷೆಯನ್ನು ಮೀರಿದ್ದನ್ನು ನಾವು ಬರಿಗೈಯಲ್ಲಿ ಹಿಡಿದು, ಆರಾರು ಸಲ ಮಾಡಿದ ಹಾಗಾಯಿತು.

ಒಂದು ಸಲ ಹಾರಿಸಿದೆ, ಏನೂ ಆಗಲಿಲ್ಲ ಎಂಬ ಮಾತಿನಷ್ಟು ಮೋಸದ ಮಾತು ಬೇರೊಂದಿಲ್ಲ. ಲೋಹ ದಣಿಯುತ್ತದೆ. ತಂತಿಯನ್ನು ಒಂದು ಸಲ ಬಗ್ಗಿಸಿದರೆ ಮುರಿಯುವುದಿಲ್ಲ, ಇಪ್ಪತ್ತನೇ ಸಲ ಮುರಿಯುತ್ತದೆ, ಹತ್ತೊಂಬತ್ತನೇ ಸಲದವರೆಗೂ ಅದು ತನ್ನ ದಣಿವನ್ನು ಹೇಳುವುದಿಲ್ಲ. ಉಕ್ಕಿಗಾದರೂ ಒಂದು ಮಿತಿಯಿದೆ. ಆ ಮಿತಿಯೊಳಗಿನ ಹೊರೆಯನ್ನು ಅದು ಎಷ್ಟು ಸಲವಾದರೂ ತಾಳಿಕೊಳ್ಳುತ್ತದೆ. ಅಲ್ಯೂಮಿನಿಯಮ್ ಮಿಶ್ರಲೋಹಗಳಿಗೆ ಅಂಥ ಖಚಿತ ಮಿತಿಯೇ ಇಲ್ಲ, ಸಣ್ಣ ಹೊರೆಯಾದರೂ ಎಣಿಕೆ ಏರಿದಂತೆ ಆಯುಷ್ಯ ಇಳಿಯುತ್ತದೆ. ಹಗುರವಾದ ಇಂದಿನ ಸಣ್ಣ ರಿವಾಲ್ವರುಗಳ ಬಗ್ಗೆ ಮಾತಾಡುವಾಗ ಇದು ಮುಖ್ಯ.

ಅದೇ ತಿಂಗಳು ಟೆಕ್ಸಸ್‌ನಲ್ಲಿರುವ ನನ್ನ ಅಕ್ಕನ ಮಗ ಫೋನು ಮಾಡಿದ್ದ. ಅವನ ಕೆಲಸ ರಾತ್ರಿ ಪಾಳಿಯದು, ಮನೆಯಲ್ಲಿ ಹೆಂಡತಿ, ಎರಡು ಮಕ್ಕಳು. ಅಲ್ಲಿಯ ಕಾನೂನಿನಂತೆ ಪಾಯಿಂಟ್ 38 ಸ್ಪೆಷಲಿನ ಐದು ಗೂಡಿನ ಸಣ್ಣ ರಿವಾಲ್ವರೊಂದನ್ನು ಯಾರೋ ಬಳಸಿದ್ದನ್ನು ಕೊಂಡಿದ್ದಾನೆ. ಅಲ್ಯೂಮಿನಿಯಮ್ ಚೌಕಟ್ಟು, ಅರ್ಧ ಕಿಲೋಗೂ ಕಡಿಮೆ ತೂಕ. "ಮಾವ, ಅಂಗಡಿಯವ ಪ್ಲಸ್ ಪಿ ತಗೊಳ್ಳಿ, ಅದಕ್ಕೆ ಹೆಚ್ಚು ಬಲ ಅಂತ ಹೇಳ್ತಾನೆ. ಹಾಕಬಹುದಾ?"

ನೆರೆಮನೆಯ ಪ್ರಶ್ನೆಯೂ ಏಳು ಸಮುದ್ರದಾಚೆಯ ಪ್ರಶ್ನೆಯೂ ಒಂದೇ. ಪ್ಲಸ್ ಪಿ ಎಂಬುದು ಆ ಸಾಮಿ ಸಂಸ್ಥೆ 1974ರಲ್ಲಿ ಬಳಕೆಗೆ ತಂದ ಗುರುತು. ತೋಟೆ ಅದೇ, ಉದ್ದವೂ ಅದೇ, ದಪ್ಪವೂ ಅದೇ. ಒತ್ತಡ ಮಾತ್ರ ಮಾಮೂಲಿಗಿಂತ ಹೆಚ್ಚು ಎಂದು ತಳದ ಮೇಲೆ ಒತ್ತಿ ಹೇಳುವ ಎಚ್ಚರಿಕೆ. ಪಾಯಿಂಟ್ 38 ಸ್ಪೆಷಲಿಗೆ ಮಾಮೂಲಿ ಮಿತಿ 17,000, ಪ್ಲಸ್ ಪಿ ಆದರೆ 20,000. ಒಂಬತ್ತು ಎಂಎಂಗೆ 35,000ದಿಂದ 38,500ಕ್ಕೆ, ಪಾಯಿಂಟ್ 45 ಎಸಿಪಿಗೆ 21,000ದಿಂದ 23,000ಕ್ಕೆ. ಈ ಗುರುತು ಎಲ್ಲ ತೋಟೆಗಳಿಗೂ ಇಲ್ಲ, ನಾಲ್ಕೈದಕ್ಕೆ ಮಾತ್ರ. ನಮ್ಮ ಮೂವತ್ತೆರಡುಗಳಿಗೆ ಇಲ್ಲವೇ ಇಲ್ಲ. ಇನ್ನು ಪ್ಲಸ್ ಪಿ ಪ್ಲಸ್ ಎಂದು ಬರೆದುಕೊಂಡು ಬರುವ ತೋಟೆಗಳಿವೆ. ಅದಕ್ಕೆ ಸಾಮಿಯ ಮೇಲ್ಮಿತಿಯೇ ಇಲ್ಲ, ಎಷ್ಟು ಹೆಚ್ಚು ಎಂಬುದು ಮಾಡಿದವನಿಗೆ ಮಾತ್ರ ಗೊತ್ತು. ಅದನ್ನು ಸಣ್ಣ ರಿವಾಲ್ವರಿನ ಹತ್ತಿರವೂ ತರಬೇಡ ಎಂದೆ.

ಈ ಗುರುತು ಸುಮ್ಮನೆ ಬಂದದ್ದಲ್ಲ. 1929ರಲ್ಲಿ ಪಾಯಿಂಟ್ 38 ಸೂಪರ್ ಎಂಬ ತೋಟೆ ಬಂತು. ಅದರ ಕೇಸು ಹಳೆಯ ಪಾಯಿಂಟ್ 38 ಆಟೋದ ಅಳತೆಯದೇ, ಒತ್ತಡ ಮಾತ್ರ 26,500ರ ಜಾಗದಲ್ಲಿ 36,500. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳ ಹಳೆಯ ಕೋಲ್ಟ್ ಪಿಸ್ತೂಲುಗಳಿಗೆ ಆ ಹೊಸ ತೋಟೆ ಸಲೀಸಾಗಿ ಹೋಗುತ್ತಿತ್ತು. ಹೋಗುತ್ತದೆ ಎಂಬುದೇ ಅಪಾಯ. ಆರು ವರ್ಷದ ಬಳಿಕ, 1935ರಲ್ಲಿ, ಪಾಯಿಂಟ್ 357 ಮ್ಯಾಗ್ನಮ್ ಮಾಡಿದವರು ಹೆಚ್ಚು ಬುದ್ಧಿವಂತಿಕೆ ತೋರಿದರು. ಪಾಯಿಂಟ್ 38 ಸ್ಪೆಷಲಿನ ಕೇಸನ್ನೇ ಸುಮಾರು ಮೂರೂವರೆ ಮಿಲಿಮೀಟರು ಉದ್ದ ಮಾಡಿದರು. ಹೊಸ ತೋಟೆ ಹಳೆಯ ಗೂಡಿನಲ್ಲಿ ಪೂರ್ತಿ ಇಳಿಯುವುದಿಲ್ಲ, ಸಿಲಿಂಡರ್ ಮುಚ್ಚುವುದಿಲ್ಲ, ತಪ್ಪು ಮಾಡಬೇಕೆಂದರೂ ಆಗುವುದಿಲ್ಲ. ಯಂತ್ರ ಕಟ್ಟುವವರಿಗೆ ನಾನು ಪಾಠದಲ್ಲಿ ಕೊಡುತ್ತಿದ್ದ ಉದಾಹರಣೆ ಇದು. ಮನುಷ್ಯನ ನೆನಪನ್ನು ನಂಬದೆ ಅಳತೆಯಲ್ಲೇ ಕಾವಲು ಇಟ್ಟ ಕೆಲಸ.

ಕಾವಲನ್ನು ಕೈಯಾರೆ ತೆಗೆದ ಉದಾಹರಣೆಯೂ ಇದೆ. ಬ್ರಿಟಿಷ್ ಇಂಡಿಯಾದ ಸೇನಾಧಿಕಾರಿಗಳ ಸೊಂಟದಲ್ಲಿದ್ದ ಪಾಯಿಂಟ್ 455 ವೆಬ್ಲಿಗಳು ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ಅಗ್ಗಕ್ಕೆ ಮಾರಾಟವಾದವು. ಅವುಗಳ ತೋಟೆ ಅಲ್ಲಿ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಲಿಂಡರಿನ ಹಿಂಭಾಗವನ್ನು ಉಜ್ಜಿ ತೆಳು ಮಾಡಿ, ಎಲ್ಲೆಡೆ ಸಿಗುವ ಪಾಯಿಂಟ್ 45 ಎಸಿಪಿ ಕೂರುವ ಹಾಗೆ ಮಾಡಿದರು. ಎಸಿಪಿಯ ಒತ್ತಡವೋ, ವೆಬ್ಲಿಯ ಪರೀಕ್ಷಾ ತೋಟೆಯ ಒತ್ತಡಕ್ಕಿಂತಲೂ ಹೆಚ್ಚು. ಕೀಲು ಸಡಿಲಾದವು, ಸಿಲಿಂಡರುಗಳು ಒಡೆದವು. ಹಿರಿಯರ ಕಾನ್ಪುರದ ರಿವಾಲ್ವರು ಅದೇ ವಂಶದ ಕುಡಿ ಎಂಬುದನ್ನು ನೆನೆದರೆ ಈ ಕತೆ ಬಲ್ಮಠಕ್ಕೆ ದೂರದ್ದಲ್ಲ.

ಅಕ್ಕನ ಮಗನಿಗೆ ಹೇಳಿದ್ದು ಇಷ್ಟು. ಮೊದಲು ನಳಿಗೆಯ ಬದಿ ಓದು. ಪಾಯಿಂಟ್ 38 ಸ್ಪೆಷಲ್ ಎಂಬುದರ ಮುಂದೆ ಕೂಡಿಸುವ ಗುರುತೂ ಪಿ ಅಕ್ಷರವೂ ಇದ್ದರೆ ತಯಾರಕರು ಒಪ್ಪಿದ್ದಾರೆ ಎಂದರ್ಥ. ಇಲ್ಲದಿದ್ದರೆ ತಯಾರಕರ ಕೈಪಿಡಿ ತರಿಸಿ ನೋಡು, ಅವರಿಗೇ ಬರೆದು ಕೇಳು, ಸೀರಿಯಲ್ ನಂಬರಿನಿಂದ ಅವರು ಹೇಳುತ್ತಾರೆ. ಅಂಗಡಿಯವನ ಮಾತು ಅದಕ್ಕೆ ಸಾಟಿಯಲ್ಲ. ಒಪ್ಪಿಗೆ ಇದ್ದರೂ ಅಭ್ಯಾಸವನ್ನೆಲ್ಲ ಮಾಮೂಲಿ ತೋಟೆಯಲ್ಲೇ ಮಾಡು. ಪ್ಲಸ್ ಪಿಯನ್ನು ಈ ರಿವಾಲ್ವರಿನಿಂದ ಗುಂಡು ಎಲ್ಲಿ ಬೀಳುತ್ತದೆ, ಕೈ ತಾಳುತ್ತದೆಯೇ ಎಂದು ತಿಳಿಯುವಷ್ಟು ಮಾತ್ರ ಹಾರಿಸು. ಹಗುರ ರಿವಾಲ್ವರಿನ ಒದೆತಕ್ಕೆ ಇನ್ನೊಂದು ಕಾಟವೂ ಉಂಟು. ಒಂದು ಈಡು ಹಾರಿದಾಗ ಉಳಿದ ತೋಟೆಗಳ ಗುಂಡುಗಳು ಜಡತ್ವದಿಂದ ಕೇಸಿನಿಂದ ಮುಂದಕ್ಕೆ ಕಳಚಿ ಬರಬಹುದು. ಸಿಲಿಂಡರಿನ ಮುಂದೆ ಒಂದು ಕೂದಲೆಳೆ ಚಾಚಿದರೂ ಸಾಕು, ಅದು ತಿರುಗದೆ ಸಿಕ್ಕಿಕೊಳ್ಳುತ್ತದೆ. ಐದು ತೋಟೆ ಹಾಕಿ ನಾಲ್ಕು ಹಾರಿಸಿ, ಐದನೆಯದರ ಉದ್ದ ಅಳೆದು ನೋಡುವುದು ಬಲ್ಲವರ ಪದ್ಧತಿ. ಸಿಲಿಂಡರನ್ನು ಹಿಂದೆ ಮುಂದೆ ಅಲುಗಾಡಿಸಿ ನೋಡುವುದನ್ನೂ ರೂಢಿಸಿಕೊ. ಮೊದಲಿಲ್ಲದ ಅಲುಗಾಟ ಈಗ ಕಂಡರೆ ರಿಪೇರಿಯವರ ಬಳಿ ಹೋಗುವ ಹೊತ್ತು ಬಂದಿದೆ.

ಸ್ವಯಂಚಾಲಿತ ಸಣ್ಣ ಪಿಸ್ತೂಲುಗಳಲ್ಲಿ ತೊಂದರೆಯ ರೂಪ ಬೇರೆ. ಅಲ್ಲಿ ಹೆಚ್ಚಿದ ಒತ್ತಡ ಮೇಲಿನ ಸ್ಲೈಡನ್ನು ಹೆಚ್ಚು ವೇಗದಲ್ಲಿ ಹಿಂದಕ್ಕೆ ಎಸೆಯುತ್ತದೆ. ಸ್ಪ್ರಿಂಗ್ ಹಳೆಯದಾಗಿದ್ದರೆ ಸ್ಲೈಡು ಚೌಕಟ್ಟನ್ನು ಸುತ್ತಿಗೆಯಂತೆ ಬಡಿಯುತ್ತದೆ. ಮ್ಯಾಗಜಿನಿನಿಂದ ಮುಂದಿನ ತೋಟೆ ಮೇಲೆ ಬರುವ ಮೊದಲೇ ಸ್ಲೈಡು ವಾಪಸಾಗಿ ಖಾಲಿ ಮುಚ್ಚಿಕೊಳ್ಳುವುದೂ ಉಂಟು. ಕಾಲಕಾಲಕ್ಕೆ ಸ್ಪ್ರಿಂಗ್ ಬದಲಿಸುವುದೇ ಅರ್ಧ ಸುರಕ್ಷೆ.

ಇಷ್ಟಕ್ಕೂ ಹೆಚ್ಚಿನ ಒತ್ತಡದಿಂದ ಸಿಗುವುದು ಏನು? ಎರಡು ಇಂಚಿನ ನಳಿಗೆಯಲ್ಲಿ ಗುಂಡಿಗೆ ಓಡಲು ಜಾಗವೇ ಕಡಿಮೆ. ಹೆಚ್ಚಿಗೆ ಹಾಕಿದ ಮದ್ದಿನ ಒಂದು ಪಾಲು ನಳಿಗೆಯ ಹೊರಗೆ ಬೆಂಕಿಯ ಹೂವಾಗಿ ಉರಿದುಹೋಗುತ್ತದೆ, ಕತ್ತಲಲ್ಲಿ ಕಣ್ಣು ಕೋರೈಸುತ್ತದೆ, ಕಿವಿ ಗುಂಯ್‌ಗುಡುತ್ತದೆ. ವೇಗ ಒಂದಿಷ್ಟು ಹೆಚ್ಚುತ್ತದೆ, ನಿಜ. ಆದರೆ ಒದೆತಕ್ಕೆ ಹೆದರಿ ಅಭ್ಯಾಸ ಬಿಟ್ಟವನ ಕೈಯಲ್ಲಿ ಆ ವೇಗ ಯಾರಿಗೂ ಉಪಯೋಗವಿಲ್ಲ.

ನಮ್ಮ ಜಿಲ್ಲೆಯಲ್ಲಿ ರಿವಾಲ್ವರಿಗಿಂತ ಹೆಚ್ಚಿರುವುದು ಬೆಳೆ ರಕ್ಷಣೆಯ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆ, ಹನ್ನೆರಡು ಬೋರು. ಅಂಕಿಯ ಮೋಸ ಅಲ್ಲಿಯೂ ಇದೆ. ಹಳೆಯ ವಿಲಾಯತಿ ಕೋವಿಗಳ ಗೂಡು ಎಷ್ಟೋ ಸಲ ಎರಡೂವರೆ ಇಂಚಿನದು, ಅಂದರೆ ಸುಮಾರು 65 ಮಿಲಿಮೀಟರು. ಈಗಿನ ತೋಟೆಗಳಲ್ಲಿ 70 ಮಿಲಿಮೀಟರಿನದೇ ಹೆಚ್ಚು. ಉದ್ದದ್ದನ್ನು ಗಿಡ್ಡ ಗೂಡಿಗೆ ಹಾಕಿದರೆ ತಡೆಯಿಲ್ಲದೆ ಹೋಗುತ್ತದೆ, ಏಕೆಂದರೆ ಬರೆದಿರುವ ಉದ್ದ ತೋಟೆಯ ಬಾಯಿ ಬಿಚ್ಚಿಕೊಂಡ ಮೇಲಿನದು. ಈಡು ಹಾರುವಾಗ ಬಾಯಿ ಬಿಚ್ಚಲು ಜಾಗ ಸಾಲದೆ ಚರೆಯ ದಾರಿ ಕಿರಿದಾಗುತ್ತದೆ, ಒತ್ತಡ ಏರುತ್ತದೆ. ಹೀಗಾಗಿ ಹಳೆಯ ಕೋವಿ ಇರುವವರು ಗೂಡಿನ ಉದ್ದವನ್ನು ಬಲ್ಲವರಿಂದ ಒಮ್ಮೆ ಅಳೆಸಿ, ಬರೆದು, ಕೋವಿಯ ಚೀಲದಲ್ಲೇ ಇಡುವುದು ಒಳ್ಳೆಯದು. ಇನ್ನೊಂದು ಅಪಘಾತ ಇದಕ್ಕಿಂತ ಕ್ರೂರ. ಇಪ್ಪತ್ತು ಬೋರಿನ ತೋಟೆ ಹನ್ನೆರಡು ಬೋರಿನ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತದೆ. ಗೂಡು ಖಾಲಿ ಕಾಣುತ್ತದೆ. ಹಾಕಲು ಮರೆತೆನೇನೋ ಎಂದು ಹಿಂದಿನಿಂದ ಹನ್ನೆರಡರದ್ದನ್ನು ಹಾಕಿ ಹಾರಿಸಿದರೆ ನಳಿಗೆ ಎಡಗೈಯ ಬಳಿಯೇ ಸ್ಫೋಟಿಸುತ್ತದೆ. ಅಮೆರಿಕದಲ್ಲಿ ಇಪ್ಪತ್ತರ ತೋಟೆಗಳಿಗೆ ಹಳದಿ ಬಣ್ಣ ಕೊಡುವ ರೂಢಿ ಬಂದದ್ದು ಇದಕ್ಕೇ. ಎರಡು ಬೋರಿನ ಕೋವಿಗಳಿರುವ ಮನೆಯಲ್ಲಿ ತೋಟೆಗಳು ಒಂದೇ ಪೆಟ್ಟಿಗೆಯಲ್ಲಿ, ಒಂದೇ ಜೇಬಿನಲ್ಲಿ ಎಂದಿಗೂ ಇರಕೂಡದು.

ನಮ್ಮ ಕರಾವಳಿಯ ಮಳೆಯ ಬಗ್ಗೆ ಹೇಳದಿದ್ದರೆ ಈ ಬರಹ ಅರೆಯಾಗುತ್ತದೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಇಲ್ಲಿ ಪುಸ್ತಕ ಬೂಸ್ಟು ಹಿಡಿಯುತ್ತದೆ, ಬೀಗ ತುಕ್ಕು ಹಿಡಿಯುತ್ತದೆ, ಹಿತ್ತಾಳೆ ಕಿಲುಬುಗಟ್ಟುತ್ತದೆ. ಚರ್ಮದ ಬೆಲ್ಟಿನ ಕುಣಿಕೆಗಳಲ್ಲಿ ತೋಟೆ ಸಿಕ್ಕಿಸಿಡುವುದು ನೋಡಲು ಚೆಂದ. ಆದರೆ ಚರ್ಮ ಹದ ಮಾಡಲು ಬಳಸಿದ ದ್ರವ್ಯಗಳು ತೇವದೊಂದಿಗೆ ಸೇರಿ ಹಿತ್ತಾಳೆಯನ್ನು ಹಸಿರು ಮಾಡಿ ತಿನ್ನುತ್ತವೆ. ಕೆಲವರು ತುಕ್ಕು ಹಿಡಿಯದಿರಲಿ ಎಂದು ತೋಟೆಗೇ ಎಣ್ಣೆ ಸವರುತ್ತಾರೆ. ಎಣ್ಣೆ ತಳದ ಕೇಪಿನೊಳಗೆ ಇಳಿದು ಅದನ್ನು ಕೊಂದುಹಾಕುತ್ತದೆ. ಅರ್ಧ ಸತ್ತ ತೋಟೆ ಪೂರ್ತಿ ಸತ್ತದ್ದಕ್ಕಿಂತ ಅಪಾಯ. ಟ್ರಿಗರ್ ಎಳೆದಾಗ ಢಂ ಎನ್ನುವ ಬದಲು ಪುಸ್ ಎಂದು ಸಣ್ಣ ಸದ್ದು ಬಂದರೆ, ಒದೆತವೇ ಇಲ್ಲದಿದ್ದರೆ, ಗುಂಡು ಹೊರಗೆ ಹೋಗದೆ ನಳಿಗೆಯ ನಡುವೆಯೇ ಕೂತಿರಬಹುದು. ಮುಂದಿನ ಈಡಿನ ಗುಂಡು ಅದಕ್ಕೆ ಹೋಗಿ ಬಡಿಯುತ್ತದೆ, ಮಾಮೂಲಿ ತೋಟೆಯೇ ಆಗ ಅತಿ ಒತ್ತಡದ ತೋಟೆಯಾಗಿ ನಳಿಗೆ ಉಬ್ಬುತ್ತದೆ ಇಲ್ಲವೇ ಒಡೆಯುತ್ತದೆ. ಸದ್ದು ಬೇರೆಯಾದ ಕ್ಷಣ ಕೈ ನಿಲ್ಲಬೇಕು. ಬಾಯಿ ಸುರಕ್ಷಿತ ದಿಕ್ಕಿಗೆ ಹಿಡಿದು ಅರ್ಧ ನಿಮಿಷವಾದರೂ ಕಾದು, ತೋಟೆಗಳನ್ನೆಲ್ಲ ತೆಗೆದು, ಹಿಂದಿನಿಂದ ನಳಿಗೆಯಲ್ಲಿ ಬೆಳಕು ಕಾಣುತ್ತದೆಯೇ ನೋಡಬೇಕು. ಕಾಣದಿದ್ದರೆ ಮನೆಯಲ್ಲಿ ಸರಳು ಹಾಕಿ ಬಡಿಯುವುದು ಬೇಡ, ಪರವಾನಗಿ ಇರುವ ರಿಪೇರಿಯವರಿಗೆ ಕೊಡಿ.

ಕಿಲುಬು ಹಿಡಿದದ್ದನ್ನು ಹುಣಸೆಹಣ್ಣು ಹಾಕಿ ಉಜ್ಜಿ ಬೆಳಗಿಸುವವರನ್ನೂ ಕಂಡಿದ್ದೇನೆ. ದಯವಿಟ್ಟು ಬೇಡ. ಉಜ್ಜಿದರೆ ಬಣ್ಣ ಹೋಗುತ್ತದೆ, ತೆಳುವಾದ ಗೋಡೆ ಮತ್ತೆ ದಪ್ಪವಾಗುವುದಿಲ್ಲ. ತೋಟೆಗಳನ್ನು ಅವು ಬಂದ ರಟ್ಟಿನ ಪೆಟ್ಟಿಗೆಯಲ್ಲೇ ಇಟ್ಟು, ಪೆಟ್ಟಿಗೆಯನ್ನು ಗಾಳಿಯಾಡದ ಡಬ್ಬಿಯಲ್ಲಿಟ್ಟು, ತೇವ ಹೀರುವ ಹರಳಿನ ಪೊಟ್ಟಣ ಹಾಕಿ, ಕೋವಿಯಿಂದ ಬೇರೆ ಕಡೆ ಬೀಗದೊಳಗೆ ಇಡಿ. ಪೆಟ್ಟಿಗೆ ಎಸೆಯಬೇಡಿ, ಪೂರ್ತಿ ಹೆಸರು ಬರೆದಿರುವುದು ಅದರ ಮೇಲೆ. ಖಡ್ಕಿಯ ಕಾರ್ಖಾನೆಯ ತೋಟೆಗಳ ತಳದಲ್ಲಿ ಕೆ, ಎಫ್ ಎಂಬ ಎರಡು ಅಕ್ಷರಗಳ ಜೊತೆ ಜಾತಿಯ ಹೆಸರೂ ಇರುತ್ತದೆ. ಸಣ್ಣಕ್ಷರ ಕಾಣದ ವಯಸ್ಸಿನವರು ಭೂತಗನ್ನಡಿಯೊಂದನ್ನು ಕೋವಿಯ ಸಾಮಾನಿನ ಜೊತೆಗೇ ಇಟ್ಟುಕೊಳ್ಳಲಿ.

ಕಾನೂನು ಮಾತು ಚಿಕ್ಕದು. 1959ರ ಶಸ್ತ್ರ ಕಾಯ್ದೆಯಲ್ಲಿ ಕೋವಿಗೆ ಪರವಾನಗಿ ಬೇಕಾದ ಹಾಗೆ ಮದ್ದುಗುಂಡಿಗೂ ಬೇಕು. ತೀರಿಹೋದವರ ಹೆಸರಿನ ಮದ್ದುಗುಂಡು ಮನೆಯವರ ಆಸ್ತಿಯಾಗಿ ತಾನಾಗಿ ದಾಟುವುದಿಲ್ಲ. ಕೋವಿಯ ಜೊತೆಗೇ ಠಾಣೆಗೋ ಪರವಾನಗಿ ಇರುವ ಅಂಗಡಿಗೋ ಒಪ್ಪಿಸಿ ರಶೀದಿ ಪಡೆಯಬೇಕು. ಹೊಳೆಗೆ ಎಸೆಯುವುದು, ಹೂಳುವುದು, ಒಲೆಗೆ ಹಾಕುವುದು ಯಾವುದೂ ಸಲ್ಲದು. ದುಃಖದ ಮನೆಯಲ್ಲಿ ಇದು ಯಾರಿಗೂ ನೆನಪಾಗುವುದಿಲ್ಲ ಎಂಬುದು ನನಗೆ ಅರ್ಥವಾಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ: ನಿಮ್ಮ ಮನೆಯಲ್ಲಿ ಪರವಾನಗಿಯ ಕೋವಿ ಇದ್ದರೆ, ತೋಟೆ ಎಲ್ಲಿದೆ, ಎಷ್ಟಿದೆ ಎಂಬುದು ಇನ್ನೊಬ್ಬರಿಗಾದರೂ ತಿಳಿದಿರಲಿ.

ಮರುದಿನ ಮಳೆ ಸ್ವಲ್ಪ ಬಿಟ್ಟಾಗ ಹಿರಿಯರೊಂದಿಗೆ ನಾನೂ ಠಾಣೆಗೆ ಹೋದೆ. ಅಲ್ಲಿಯ ಸಿಬ್ಬಂದಿ ಡಬ್ಬಿಯನ್ನು ಮೇಜಿನ ಮೇಲೆ ಸುರಿದು ಒಂದೊಂದಾಗಿ ಎಣಿಸಿದರು. ಹತ್ತೊಂಬತ್ತು ಗಿಡ್ಡ ತೋಟೆಗಳಿದ್ದವು. ಅವುಗಳ ನಡುವೆ ಹಸಿರು ಕಿಲುಬು ಹಿಡಿದ ಎರಡು ಉದ್ದದ್ದೂ ಸಿಕ್ಕಿದವು. ಹಿರಿಯರು ಕನ್ನಡಕ ಸರಿ ಮಾಡಿಕೊಂಡು ಅವನ್ನು ಎತ್ತಿ ತಿರುಗಿಸಿ ನೋಡಿದರು. "ಇದು ನನ್ನದು. ಅಳಿಯ ಯಾವತ್ತು ತಗೊಂಡು ಹೋಗಿದ್ದನೋ," ಎಂದು, ಸ್ವಲ್ಪ ಹೊತ್ತು ಅಂಗೈಯಲ್ಲೇ ಇಟ್ಟುಕೊಂಡಿದ್ದು, ಆಮೇಲೆ ಅವನ್ನೂ ಉಳಿದವುಗಳ ಜೊತೆಗೆ ಮೇಜಿನ ಮೇಲಿಟ್ಟರು. ರಶೀದಿಯಲ್ಲಿ ಎರಡೂ ಹೆಸರನ್ನು ಪೂರ್ತಿಯಾಗಿ, ಬೇರೆ ಬೇರೆ ಸಾಲಿನಲ್ಲಿ ಬರೆಸಿಕೊಂಡು ಬಂದೆವು.